ಮಾರಿಗೆ ಮೂರೇ ಮೊಳ

ಬೇಗೂರಿನ ಶಾಲೆಯಲ್ಲಿ ಏಳನೇ ತರಗತಿಗೆ ಲಾಭ ನಷ್ಟದ ಪಾಠ ಶುರುಮಾಡುವ ದಿನ ನನಗೆ ಬೆಳಗ್ಗೆಯಿಂದಲೇ ಒಳಗೊಳಗೆ ಸಿಟ್ಟು ಬಂದಿರುತ್ತದೆ. ಮಕ್ಕಳಿಗೆ ಅದು ಗೊತ್ತಾಗುವುದಿಲ್ಲ. ಟೀಚರಮ್ಮ ಇವತ್ತು ಚಾಕ್‌ಪೀಸನ್ನು ಯಾಕೋ ಜೋರಾಗಿ ಒತ್ತುತ್ತಿದ್ದಾರೆ ಎಂದಷ್ಟೇ ಅಂದುಕೊಳ್ಳುತ್ತವೆ. ಮಾರಾಟದ ಬೆಲೆಯಲ್ಲಿ ಕೊಂಡ ಬೆಲೆ ಕಳೆಯಿರಿ, ಉಳಿದದ್ದನ್ನು ಕೊಂಡ ಬೆಲೆಯಿಂದ ಭಾಗಿಸಿ, ನೂರರಿಂದ ಗುಣಿಸಿ. ಇದು ಸೂತ್ರ. ಸೂತ್ರದ ಜೊತೆ ನನಗೆ ಯಾವ ತಕರಾರೂ ಇಲ್ಲ. ನನ್ನ ತಕರಾರು ಇರುವುದು ಲೆಕ್ಕದೊಳಗೆ ಕೂತಿರುವ ಆ ವ್ಯಾಪಾರಿಯ ಜೊತೆ.

ಅವನನ್ನು ನೀವೂ ನೋಡಿದ್ದೀರಿ. ಒಂದು ಡಜನ್ ಬಾಳೆಹಣ್ಣು ಕೊಳ್ಳುತ್ತಾನೆ, ಹನ್ನೆರಡನ್ನೂ ಒಂದೇ ಬೆಲೆಗೆ ಮಾರುತ್ತಾನೆ. ಒಂದು ಹಣ್ಣೂ ಕೊಳೆಯುವುದಿಲ್ಲ. ಮಗುವನ್ನು ಕಂಕುಳಲ್ಲಿ ಇಟ್ಟುಕೊಂಡು ಬಂದವಳು, ಇದರ ಕೈಗೊಂದು ಕೊಡು ಎನ್ನುವುದಿಲ್ಲ. ಅವನಿಗೆ ಮಳೆ ಬರುವುದಿಲ್ಲ, ಬಿಸಿಲು ಹತ್ತುವುದಿಲ್ಲ, ಬೀದಿಯ ದಾಕ್ಷಿಣ್ಯ ಎನ್ನುವುದು ಗೊತ್ತೇ ಇಲ್ಲ. ಇಂಥ ಮನುಷ್ಯನನ್ನು ನಾನು ಚಾಮರಾಜನಗರದಲ್ಲಿ ಕಂಡಿಲ್ಲ, ಗುಂಡ್ಲುಪೇಟೆಯ ಸಂತೆಯಲ್ಲೂ ಕಂಡಿಲ್ಲ. ಆದರೂ ವರ್ಷ ವರ್ಷ ಅವನನ್ನು ಮಕ್ಕಳಿಗೆ ಪರಿಚಯ ಮಾಡಿಕೊಡುವುದು ನನ್ನ ಸಂಬಳದ ಕೆಲಸ. ಮಾಡಿಕೊಡುತ್ತೇನೆ. ಆದರೆ ಅವನ ಮಾತನ್ನು ಒಪ್ಪಿಕೊಂಡಿಲ್ಲ.

ನನ್ನ ಅವ್ವ ಹೂ ಮಾರುತ್ತಿದ್ದಳು. ನಾನು ಹೇಳುತ್ತಿರುವುದು ಎರಡು ಸಾವಿರದ ಇಸವಿ ಕಳೆದು ಒಂದೆರಡು ವರ್ಷದ ಮಾತು. ಮನೆ ಹರದನಹಳ್ಳಿಯಲ್ಲಿ, ವ್ಯಾಪಾರ ಚಾಮರಾಜನಗರದಲ್ಲಿ, ದೇವಸ್ಥಾನಕ್ಕೆ ಹೋಗುವ ಬೀದಿಯ ಮೂಲೆಯಲ್ಲಿ. ಅಪ್ಪ ಊರಲ್ಲೇ ಕೂಲಿಗೆ ಹೋಗುತ್ತಿದ್ದ. ನನ್ನನ್ನು ಅವ್ವ ಆ ಮೂಲೆಗೆ ಹತ್ತಿರದ ಶಾಲೆಗೇ ಸೇರಿಸಿದ್ದಳು. ಬೆಳಗಿನ ಬಸ್ಸಿಗೆ ಇಬ್ಬರೂ ಒಟ್ಟಿಗೆ ಬರುತ್ತಿದ್ದೆವು. ಅವಳು ಮಂಡಿಗೆ ಹೋಗಿ ಹೂ ತರುವವರೆಗೆ ನಾನು ಗೋಣಿಚೀಲ ಹಾಸಿ, ನೀರು ಚಿಮುಕಿಸಿ, ಮೂಲೆಯ ಜಾಗ ಕಾಯುತ್ತಿದ್ದೆ. ಶಾಲೆಯ ಗಂಟೆ ಅಲ್ಲಿಗೇ ಕೇಳುತ್ತಿತ್ತು.

ಕನಕಾಂಬರ, ಕಾಕಡ ನಮ್ಮ ಸುತ್ತಲಿನ ಹಳ್ಳಿಗಳದು; ಮಲ್ಲಿಗೆ ಮಾತ್ರ ಘಾಟಿಯ ಕೆಳಗಿನ ತಮಿಳು ಸೀಮೆಯಿಂದ ಬಸ್ಸಿನಲ್ಲಿ ಬರುತ್ತಿತ್ತು. ಮಂಡಿಯಲ್ಲಿ ಕಟ್ಟಿದ ಹೂವನ್ನು ಮಾರಿನ ಲೆಕ್ಕದಲ್ಲಿ ಕೊಡುತ್ತಿದ್ದರು. ಎರಡೂ ಕೈ ಅಗಲಿಸಿ ಹಿಡಿದರೆ ಈ ತುದಿಯಿಂದ ಆ ತುದಿಗೆ ಒಂದು ಮಾರು. ರಜೆಯ ದಿನ ನಾನೂ ಜೊತೆಗೆ ಹೋಗುತ್ತಿದ್ದೆ. ಮಂಡಿಯವನು ಅಳೆಯುವಾಗ ಅವ್ವ ಅವನ ಮುಖ ನೋಡುತ್ತಿರಲಿಲ್ಲ, ಮೊಣಕೈ ನೋಡುತ್ತಿದ್ದಳು. ಅದು ಸ್ವಲ್ಪ ಮಡಚಿಕೊಂಡಿದ್ದರೂ ಪೂರ್ತಿ ಚಾಚಿಸಿಯೇ ಬಿಡುತ್ತಿದ್ದಳು. ಅವನು ಗೊಣಗುತ್ತಿದ್ದ, ಚಾಚುತ್ತಿದ್ದ.

ಆದರೆ ಗಿರಾಕಿಗಳಿಗೆ ಕೊಡುವುದು ಮೊಳದ ಲೆಕ್ಕ. ಮೊಣಕೈಯಿಂದ ನಡುಬೆರಳ ತುದಿಯವರೆಗೆ ಒಂದು ಮೊಳ, ಅದೂ ಮಾರುವವಳ ಕೈಯಲ್ಲಿ. ನನ್ನ ಅವ್ವ ಗಿಡ್ಡ ಹೆಂಗಸು. ಕೈಯೂ ಗಿಡ್ಡ. ತನ್ನ ಕೈ ಗಿಡ್ಡ ಎಂದು ಯಾರಾದರೂ ಹೇಳುವ ಮೊದಲೇ ಅದಕ್ಕೆ ಅವಳು ದಾರಿ ಮಾಡಿಕೊಂಡಿದ್ದಳು. ಹೂವನ್ನು ಮೊಣಕೈಯಿಂದ ಬೆರಳ ತುದಿಯವರೆಗೆ ಎಳೆದು, ಆ ತುದಿಯ ಮುಂದೆ ಇನ್ನೊಂದು ಕೈಯ ನಾಲ್ಕು ಬೆರಳು ಇಟ್ಟು, ಅಷ್ಟನ್ನೂ ಸೇರಿಸಿಕೊಳ್ಳುತ್ತಿದ್ದಳು. ಅದಾದ ಮೇಲೆ ಬ್ಲೇಡಿನಿಂದ ದಾರ ಕೊಯ್ಯುವ ಮೊದಲು ಮತ್ತೊಂದಿಷ್ಟು ಬಿಡುತ್ತಿದ್ದಳು. ಅದು ಕೊಸರು. ಬೇರೆಯವರು ಕೊಸರನ್ನು ಕೇಳಿದರೆ ಕೊಡುತ್ತಿದ್ದರು, ಇವಳು ಕೇಳದಿದ್ದರೂ ಕೊಡುತ್ತಿದ್ದಳು. ಹೀಗಾಗಿ ಎಲ್ಲರ ಲೆಕ್ಕದಲ್ಲಿ ನಾಲ್ಕು ಮೊಳವಾಗುವ ಮಂಡಿಯವನ ಒಂದು ಮಾರು ಅವ್ವನ ಕೈಗೆ ಬಂದರೆ ಮೂರೇ ಮೊಳ. ನಮ್ಮ ಮನೆಯಲ್ಲಿ ಅದು ಮಗ್ಗಿಯಷ್ಟು ಗಟ್ಟಿಯಾದ ಮಾತು. ಮಾರಿಗೆ ಮೂರು.

ಇನ್ನೊಂದು ಮಾತು ಹೇಳಿಬಿಡಬೇಕು. ಬೋಣಿಯ ವಿಷಯದಲ್ಲಿ ಅವ್ವ ಬಲು ಕಟ್ಟುನಿಟ್ಟು. ದಿನದ ಮೊದಲ ದುಡ್ಡು ಕೈಗೆ ಬೀಳುವವರೆಗೆ ಬುಟ್ಟಿಯಿಂದ ಒಂದು ಎಸಳೂ ಬಿಟ್ಟಿಯಾಗಿ ಆಚೆ ಹೋಗುವಂತಿಲ್ಲ. ದೇವರ ಹೆಸರು ಹೇಳಿಕೊಂಡು ಬಂದವರೂ ಕಾಯಬೇಕು. ಬೋಣಿ ದುಡ್ಡು ಬಂದ ಕೂಡಲೇ ಅದನ್ನು ಎರಡೂ ಕಣ್ಣಿಗೆ ಒತ್ತಿಕೊಂಡು, ಕೂತ ಗೋಣಿಯ ಕೆಳಗೆ ಇಟ್ಟುಬಿಡುತ್ತಿದ್ದಳು. ನನ್ನ ಜಡೆಗೆ ಹೂ ಎಂದರೆ ಸಂಜೆ ಮಾರಾಟವಾಗದೆ ಉಳಿದ ಬಾಡಿದ ತುಂಡು. ಶಾಲೆಗೆ ಹೋಗುವಾಗ ಹೂ ಮಾರುವವಳ ಮಗಳ ಜಡೆ ಬೋಳು, ಅವಳ ಕೈಯಿಂದ ಕೊಂಡವರ ಮಕ್ಕಳ ಜಡೆಯಲ್ಲಿ ಘಮಘಮ. ಅದನ್ನು ಆಡಿಕೊಳ್ಳುವವರು ತರಗತಿಯಲ್ಲಿ ಇದ್ದರು. ನಾನು ತಲೆ ಕೆಡಿಸಿಕೊಂಡಿರಲಿಲ್ಲ ಎಂದರೆ ಸುಳ್ಳಾಗುತ್ತದೆ.

ನಮ್ಮ ಗಣಿತದ ಮೇಷ್ಟ್ರು ಕೆಟ್ಟವರಲ್ಲ. ಪುಸ್ತಕದ ಲೆಕ್ಕ ಮುಗಿದ ಮೇಲೆ ಬೀದಿಯಲ್ಲಿ ಕಂಡದ್ದನ್ನೇ ಲೆಕ್ಕ ಮಾಡಿ ಹಾಕುತ್ತಿದ್ದರು, ಮಕ್ಕಳಿಗೆ ಅದು ಇಷ್ಟ. ಒಂದು ದಿನ ಬೋರ್ಡಿನ ಮೇಲೆ ಬರೆದರು: ಹೂ ಮಾರುವ ಹೆಂಗಸು ಒಂದು ಮಾರಿಗೆ ಹತ್ತು ರೂಪಾಯಿಯಂತೆ ಹೂ ಕೊಂಡು, ಮೊಳಕ್ಕೆ ನಾಲ್ಕು ರೂಪಾಯಿಯಂತೆ ಮಾರಿದರೆ ಅವಳಿಗೆ ದೊರೆತ ಶೇಕಡಾ ಲಾಭ ಎಷ್ಟು? ಬೆಲೆ ಆ ವಾರ ಅವ್ವ ಹೇಳುತ್ತಿದ್ದ ಬೆಲೆಯೇ. ಇಡೀ ತರಗತಿ ತಿರುಗಿ ನನ್ನನ್ನು ನೋಡಿತು.

ಮಾರಿಗೆ ನಾಲ್ಕು ಮೊಳ, ನಾಲ್ಕು ನಾಲ್ಕಲೆ ಹದಿನಾರು, ಹತ್ತು ಕಳೆದರೆ ಆರು, ಶೇಕಡಾ ಅರವತ್ತು ಎಂದು ಮುಂದಿನ ಬೆಂಚಿನಿಂದ ಉತ್ತರ ಬಂತು. ಮೇಷ್ಟ್ರು ಸಂತೋಷಪಟ್ಟರು. ನೂರು ರೂಪಾಯಿ ಹಾಕಿದರೆ ಅರವತ್ತು ಲಾಭ, ಹೀಗಾದರೆ ನಾನೂ ಪಾಠ ಬಿಟ್ಟು ಹೂ ಮಾರಲು ಕೂರಬಹುದು ಎಂದು ನಗಿಸಿದರು. ನಾನು ಎದ್ದು ನಿಂತು ಇಪ್ಪತ್ತು ಎಂದೆ. ಮೂರು ನಾಲ್ಕಲೆ ಹನ್ನೆರಡು, ಹತ್ತು ಕಳೆದರೆ ಎರಡು, ಹತ್ತಕ್ಕೆ ಎರಡಾದರೆ ನೂರಕ್ಕೆ ಇಪ್ಪತ್ತು. ಮಾರಿಗೆ ಮೂರು ಮೊಳ ಎಂದು ಯಾರು ಹೇಳಿಕೊಟ್ಟರು ಎಂದು ಅವರು ಕೇಳಿದರು. ಅವ್ವ ಎಂದೆ. ಮತ್ತೆ ನಗು. ಅವರು ನನ್ನ ನೋಟ್‌ಬುಕ್ಕಿನ ಇಪ್ಪತ್ತನ್ನು ಕೆಂಪು ಗೆರೆಯಲ್ಲಿ ಹೊಡೆದು ಪಕ್ಕದಲ್ಲಿ ಅರವತ್ತು ಎಂದು ಬರೆದರು.

ಅದು ಅಲ್ಲಿಗೇ ಮುಗಿದಿದ್ದರೆ ಇದನ್ನು ಬರೆಯುವ ಕೆಲಸವೇ ಇರುತ್ತಿರಲಿಲ್ಲ. ಆದರೆ ನಮ್ಮ ಬೀದಿಯವರಿಗೆ ಬೋರ್ಡಿನ ಮೇಲೆ ಬರೆದದ್ದೆಂದರೆ ಸತ್ಯ. ಅದು ಮಕ್ಕಳು ಮಾಡಿದ ಲೆಕ್ಕ ಎನ್ನುವುದು ಮನೆ ತಲುಪುವಷ್ಟರಲ್ಲಿ ಉದುರಿಹೋಗಿ, ಮೇಷ್ಟ್ರು ಲೆಕ್ಕ ಹಾಕಿ ನೋಡಿದರಂತೆ, ಹೂವಿನವಳು ನೂರಕ್ಕೆ ಅರವತ್ತು ಹೊಡೀತಾಳಂತೆ ಎಂದಾಯಿತು. ಅದಕ್ಕೆ ಗಿಡ್ಡ ಕೈಯೂ ಸೇರಿಕೊಂಡಿತು. ಅವಳ ಕೈ ನೋಡಿದ್ದೀರಾ, ಅಷ್ಟು ಲಾಭ ಬರದೆ ಇನ್ನೇನು?

ಮೊದಲು ಕೈ ಮುಂದೆ ಚಾಚಿದವಳು ನನ್ನ ತರಗತಿಯ ಹುಡುಗಿಯೊಬ್ಬಳ ತಾಯಿ. ಎತ್ತರದ ಹೆಂಗಸು, ದಿನವೂ ಒಂದು ಮೊಳ ಮಲ್ಲಿಗೆ ಕೊಳ್ಳುವವಳು, ನನ್ನನ್ನು ಕಂಡರೆ ಮಾತಾಡಿಸುವವಳು. ಅವತ್ತು ಸೆರಗು ಸರಿಮಾಡಿಕೊಂಡು ತನ್ನ ಉದ್ದನೆಯ ಕೈಯನ್ನು ಅವ್ವನ ಮುಂದೆ ನೀಡಿದಳು.

‘ಅರವತ್ತು ಪರ್ಸೆಂಟ್ ಲಾಭವಂತಲ್ಲ, ಮೇಷ್ಟ್ರೇ ಬರ್ದವ್ರಂತೆ. ಇವತ್ತಿಂದ ನನ್ ಕೈಲೇ ಅಳ್ದು ಕೊಡು.’

ಆ ಮೂಲೆಯಲ್ಲಿ ಅವ್ವ ಕೂತ ಇಷ್ಟು ವರ್ಷದಲ್ಲಿ ಯಾರೂ ಹಾಗೆ ತಮ್ಮ ಕೈ ಕೊಟ್ಟಿರಲಿಲ್ಲ. ಹೂವಿನವಳ ಮುಂದೆ ನಮ್ಮ ಕೈ ಇಟ್ಟರೆ, ನಿನ್ನ ಕೈಯನ್ನು ನಂಬುವುದಿಲ್ಲ ಎಂದು ಹೇಳಿದಂತೆ. ಅದು ಎಲ್ಲರಿಗೂ ಗೊತ್ತಿತ್ತು. ಅವ್ವ ಅವಳ ಕೈಯಲ್ಲೇ ಅಳೆದಳು, ಅಭ್ಯಾಸಬಲದಿಂದ ನಾಲ್ಕು ಬೆರಳೂ ಸೇರಿಸಿದಳು, ಕೊಸರೂ ಬಿಟ್ಟಳು. ಮಾರನೆಯ ದಿನ ಇನ್ನಿಬ್ಬರು ಕೈ ತಂದರು. ಆಮೇಲೆ ಅದೇ ವಾಡಿಕೆಯಾಯಿತು. ಎದುರು ಸಾಲಿನಲ್ಲಿ ಇನ್ನೊಬ್ಬಳು ಬುಟ್ಟಿ ಇಟ್ಟುಕೊಂಡು ಕೂತಿದ್ದಳು. ಬೇಡ ಎಂದರೆ ಗಿರಾಕಿಗಳು ಅಲ್ಲಿಗೆ ಹೋಗುತ್ತಾರೆ, ಹೋಗುವಾಗ ಕಳ್ಳಿ ಎಂಬ ಮಾತನ್ನು ಇಲ್ಲಿ ಬಿಟ್ಟು ಹೋಗುತ್ತಾರೆ. ದುಡ್ಡು ಹೋದರೆ ಅವ್ವ ಹೇಗೋ ತಡೆದುಕೊಳ್ಳುತ್ತಿದ್ದಳು. ಆ ಹೆಸರು ಹೊತ್ತುಕೊಂಡು ಅವಳು ಆ ಮೂಲೆಯಲ್ಲಿ ಒಂದು ದಿನವೂ ಕೂರುವವಳಲ್ಲ, ಅದು ನನಗೆ ಚೆನ್ನಾಗಿ ಗೊತ್ತಿತ್ತು.

ಒಂದು ಸಂಜೆ ಹರದನಹಳ್ಳಿಯ ಬಸ್ಸಿನಲ್ಲಿ, ಖಾಲಿ ಬುಟ್ಟಿ ತೊಡೆಯ ಮೇಲೆ ಇಟ್ಟುಕೊಂಡು, ಶಾಲೆಯಲ್ಲಿ ನೀನೇನಾದರೂ ನಮ್ಮ ವ್ಯಾಪಾರದ ವಿಷಯ ಹೇಳಿದೆಯಾ ಎಂದು ಅವ್ವ ಕೇಳಿದಳು. ಬೈಯುವ ದನಿಯಲ್ಲ, ಅದನ್ನೇ ನನಗೆ ತಡೆದುಕೊಳ್ಳಲಾಗಲಿಲ್ಲ. ನಡೆದದ್ದೆಲ್ಲ ಹೇಳಿದೆ. ಅವಳು ಕಿಟಕಿಯ ಆಚೆ ನೋಡುತ್ತ ಕೇಳಿಸಿಕೊಂಡಳು.

‘ಪರ್ಸೆಂಟ್ ಅಂದ್ರೆ ಏನಮ್ಮಿ?’ ಎಂದಳು ಕೊನೆಗೆ.

ನೂರು ರೂಪಾಯಿಯ ಹೂ ತಂದರೆ ಮೇಲೆ ಎಷ್ಟು ಉಳಿಯುತ್ತದೆ ಅನ್ನುವುದು ಎಂದೆ. ಅವರ ಪ್ರಕಾರ ಅರವತ್ತು ಉಳಿಯಬೇಕು, ನಮಗೆ ಇಪ್ಪತ್ತು ಉಳಿಯುತ್ತದೆ ಎಂದೆ. ಅವಳು ಬೆರಳು ಮಡಚಿ ಲೆಕ್ಕ ಹಾಕಿದಳು.

‘ಅಂಗಾರೆ ಮಿಕ್ಕ ನಲವತ್ತು ಎಲ್ಲೋಯ್ತು?’

‘ಅವ್ರ ಜಡೆಗೋಯ್ತು ಕಣವ್ವ.’

ಅವ್ವ ನನ್ನ ಮುಖ ನೋಡಿದಳು. ಆಮೇಲೆ ನಕ್ಕಳು, ಎಷ್ಟು ಜೋರಾಗಿ ಎಂದರೆ ಮುಂದಿನ ಸೀಟಿನವರು ತಿರುಗಿ ನೋಡಿದರು. ಊರು ಬಂದು ಇಳಿಯುವಾಗ ಬುಟ್ಟಿಯನ್ನು ಟೋಪಿಯ ಹಾಗೆ ನನ್ನ ತಲೆಯ ಮೇಲೆ ಕವಚಿದಳು. ಅದು ಅವಳಿಗೆ ಖುಷಿಯಾದಾಗ ಮಾತ್ರ ಮಾಡುತ್ತಿದ್ದ ಚೇಷ್ಟೆ.

ಮಾರನೆಯ ಬೆಳಗ್ಗೆ ಆ ಎತ್ತರದ ಹೆಂಗಸು ಬಂದು ಮಾಮೂಲಿನಂತೆ ಕೈ ಚಾಚಿದಳು. ಅವ್ವ ಎಂದಿಲ್ಲದ ಮರ್ಯಾದೆಯಿಂದ ಆ ಕೈಯನ್ನು ಹಿಡಿದು, ಮೊಣಕೈಯಿಂದ ಮಲ್ಲಿಗೆ ಎಳೆದು, ಸರಿಯಾಗಿ ನಡುಬೆರಳ ತುದಿಗೆ ಬ್ಲೇಡು ಇಟ್ಟು ಕೊಯ್ದಳು. ಎಲೆಯಲ್ಲಿ ಸುತ್ತಿ ಕೊಟ್ಟಳು. ಆ ಹೆಂಗಸು ಎಲೆ ಬಿಡಿಸಿ ನೋಡಿ, ಬೆರಳು ಎಲ್ಲಿ, ಕೊಸರು ಎಲ್ಲಿ ಎಂದಳು.

‘ಬೆರಳು ನನ್ ಕೈಗೆ ಕಣವ್ವ, ಅದು ಗಿಡ್ಡ ಅಂತ. ನಿಮ್ ಕೈ ಉದ್ದ ಅದಲ್ಲ, ಅದ್ಕ್ಯಾಕೆ ಬೆರಳು? ಇದು ಇಸ್ಕೂಲ್ ಲೆಕ್ಕ.’

ದನಿಯಲ್ಲಿ ಸ್ವಲ್ಪವೂ ಬಿಸಿಯಿರಲಿಲ್ಲ. ಪಕ್ಕದಲ್ಲಿ ನಿಂತಿದ್ದವರಿಗೂ ಹಾಗೆಯೇ ಅಳೆದಳು. ಬಂದ ಪ್ರತಿಯೊಬ್ಬರನ್ನೂ ಮೊದಲು ಕೇಳುತ್ತಿದ್ದಳು, ನಿಮ್ಮ ಕೈಯಲ್ಲಿ ಅಳೆಯಲೋ, ನನ್ನ ಕೈಯಲ್ಲಿ ಅಳೆಯಲೋ ಎಂದು. ನನ್ನ ಕೈ ಎಂದವರಿಗೆ ಬೆರಳ ತುದಿಗೆ ಬ್ಲೇಡು. ನಿನ್ನ ಕೈ ಎಂದವರಿಗೆ ನಾಲ್ಕು ಬೆರಳು, ಅದರ ಮೇಲೆ ಕೊಸರು. ನಾನು ಗೋಣಿಯ ಮೇಲೆ ಕೂತು ಇದನ್ನೆಲ್ಲ ನೋಡುತ್ತ, ಶಾಲೆಯ ಗಂಟೆ ಇವತ್ತು ತಡವಾಗಿ ಹೊಡೆಯಲಿ ಎಂದು ಬೇಡಿಕೊಳ್ಳುತ್ತಿದ್ದೆ. ಅಷ್ಟು ಸುಖ ನನಗೆ ಆಮೇಲೆ ನೌಕರಿಯ ಆದೇಶ ಕೈಗೆ ಬಂದ ದಿನವೂ ಆಗಲಿಲ್ಲ.

ಬೀದಿಗೆ ಬುದ್ಧಿ ಬರಲು ಬಹಳ ದಿನ ಹಿಡಿಯಲಿಲ್ಲ. ತುರುಬಿಗೆ ಎರಡು ಸುತ್ತು ಬರುತ್ತಿದ್ದ ಹೂ ಈಗ ಎರಡನೆಯ ಸುತ್ತು ತುಂಬುವ ಮೊದಲೇ ಮುಗಿದು ಕಿವಿಯ ಹತ್ತಿರ ನಿಲ್ಲುತ್ತಿತ್ತು. ದೇವರ ಪಟಕ್ಕೆ ಹಾಕಿದರೆ ಒಂದು ಬದಿ ಬೋಳು. ತಮ್ಮ ಉದ್ದನೆಯ ಕೈಗಿಂತ ಆ ಗಿಡ್ಡ ಕೈಯೇ ಉದ್ದ ಎಂದು ಒಬ್ಬೊಬ್ಬರಿಗೂ ಅವರವರ ಕನ್ನಡಿ ಹೇಳಿತು. ಎದುರು ಸಾಲಿನವಳ ಹತ್ತಿರ ಹೋದವರೂ ಇದ್ದರು, ಅಲ್ಲಿ ಇನ್ನೂ ಕಮ್ಮಿ ಎಂದು ತಿರುಗಿ ಬಂದರು. ಕೊನೆಗೆ ಬಂದವಳು ಆ ಎತ್ತರದ ಹೆಂಗಸೇ. ಅವತ್ತು ಕೈಯನ್ನು ಸೆರಗಿನೊಳಗೆ ಸುತ್ತಿಕೊಂಡು ಬಂದಿದ್ದಳು. ಅವ್ವ ಕೇಳುವ ಮೊದಲೇ, ನಿನ್ನ ಕೈಯಲ್ಲೇ ಕೊಡವ್ವ ಎಂದಳು. ನಾನಾಗಿದ್ದರೆ ಕೊಸರನ್ನಾದರೂ ಹಿಡಿಯುತ್ತಿದ್ದೆ. ಅವ್ವ ಹಿಡಿಯಲಿಲ್ಲ. ಮೊದಲಿನ ಹಾಗೆ ನಾಲ್ಕು ಬೆರಳಿಟ್ಟಳು, ಮೊದಲಿನ ಹಾಗೆ ಕೊಸರು ಬಿಟ್ಟಳು, ಮಗಳಿಗೆ ಜ್ವರ ಬಿಟ್ಟಿತಾ ಎಂದು ವಿಚಾರಿಸಿದಳು. ಈ ವಿಷಯದಲ್ಲಿ ನಾನು ಅವಳನ್ನು ಹೋಲುವುದಿಲ್ಲ.

ಬೀದಿ ಬದಲಾಯಿತು. ಬೋರ್ಡು ಬದಲಾಗಲಿಲ್ಲ. ಅರ್ಧವಾರ್ಷಿಕ ಪರೀಕ್ಷೆಗೆ ಮೇಷ್ಟ್ರು ಅದೇ ಲೆಕ್ಕ ಕೊಟ್ಟರು, ಐದು ಅಂಕಕ್ಕೆ. ನನಗೆ ಉತ್ತರ ಗೊತ್ತಿತ್ತು. ಅವರಿಗೆ ಬೇಕಾದ ಉತ್ತರವೂ ಗೊತ್ತಿತ್ತು. ಅರವತ್ತು ಎಂದು ಬರೆಯಲು ಅರ್ಧ ನಿಮಿಷ ಸಾಕು. ಪೆನ್ನು ಎತ್ತಿದಾಗ ಕಣ್ಣ ಮುಂದೆ ಬಂದದ್ದು ಅವ್ವನ ಎದುರು ಚಾಚಿಕೊಂಡಿದ್ದ ಕೈಗಳು. ಇಪ್ಪತ್ತು ಎಂದು ಬರೆದೆ. ಯಾಕೆ ಎಂದು ಕೆಳಗೆ ಎರಡು ಸಾಲು ವಿವರಣೆಯನ್ನೂ ಬರೆದು, ಮೊಳದ ಚಿತ್ರ ಬಿಡಿಸಿ, ನಾಲ್ಕು ಬೆರಳನ್ನು ಬೇರೆಯಾಗಿ ತೋರಿಸಿದೆ.

ಮೇಷ್ಟ್ರು ನನ್ನನ್ನು ಸ್ಟಾಫ್‌ ರೂಮಿಗೆ ಕರೆಸಿದರು. ಪತ್ರಿಕೆ ಅವರ ಮುಂದೆ ಇತ್ತು, ಇನ್ನೂ ಅಂಕ ಹಾಕಿರಲಿಲ್ಲ. ಈ ಐದು ಅಂಕ ಬಂದರೆ ನೀನೇ ತರಗತಿಗೆ ಮೊದಲು, ಇಲ್ಲೇ ಕೂತು ಹೊಡೆದುಹಾಕಿ ಅರವತ್ತು ಎಂದು ಬರೆದುಕೊಡು ಎಂದರು. ಅವರ ಮಟ್ಟಿಗೆ ಅದು ದೊಡ್ಡ ಉಪಕಾರವೇ, ನಾನು ಇಲ್ಲ ಎನ್ನುವುದಿಲ್ಲ. ಆಗುವುದಿಲ್ಲ ಸಾರ್ ಎಂದೆ. ಅವರಿಗೆ ರೇಗಿತು.

‘ಪರೀಕ್ಷೆಯಲ್ಲಿ ನಿಮ್ಮ ತಾಯಿ ಇರೋದಿಲ್ಲ ಕಣಮ್ಮ. ಇಲ್ಲಿ ಮಾರಿಗೆ ನಾಲ್ಕೇ ಮೊಳ.’

‘ಲೆಕ್ಕದಲ್ಲಿ ಇರೋದು ಅವ್ರೇ ಅಲ್ವಾ ಸಾರ್.’

ಸ್ಟಾಫ್‌ ರೂಮಿನಲ್ಲಿ ಬೇರೆ ಟೀಚರುಗಳು ಟೀ ಕುಡಿಯುತ್ತಿದ್ದರು. ಯಾರೋ ಕೆಮ್ಮಿದರು. ಮೇಷ್ಟ್ರು ಕೆಂಪು ಪೆನ್ನಿನ ಮುಚ್ಚಳ ತೆಗೆದು, ನನ್ನ ಮೊಳದ ಚಿತ್ರದ ಮೇಲೆ ಅಡ್ಡ ಗೆರೆ ಎಳೆದು, ಪಕ್ಕದಲ್ಲಿ ದೊಡ್ಡ ಸೊನ್ನೆ ಸುತ್ತಿದರು. ಮನೆಯಲ್ಲಿ ಹೆಬ್ಬೆಟ್ಟು ಹಾಕಿಸಿಕೊಂಡು ನಾಳೆ ವಾಪಸ್ಸು ತಾ ಎಂದರು. ಮೊದಲ ಸ್ಥಾನ ಎತ್ತರದ ಹೆಂಗಸಿನ ಮಗಳಿಗೆ ಹೋಯಿತು. ಜಡೆಯಲ್ಲಿ ಅವ್ವನ ಮಲ್ಲಿಗೆ ಮುಡಿದುಕೊಂಡೇ ಅವಳು ಚಪ್ಪಾಳೆ ತಗೊಂಡಳು.

ರಾತ್ರಿ ಪತ್ರಿಕೆಯನ್ನು ತೋರಿಸಲಿಲ್ಲ. ಬೆಳಗ್ಗೆ ಅವ್ವ ಮಂಡಿಯಿಂದ ಬಂದು, ಹೂವಿನ ಮೇಲಿನ ಒದ್ದೆ ಬಟ್ಟೆ ತೆಗೆಯುವಾಗ ಮುಂದೆ ಹಿಡಿದೆ. ಅವಳಿಗೆ ಓದಲು ಬರುತ್ತಿರಲಿಲ್ಲ. ಕೆಂಪು ಬಣ್ಣದ ಸೊನ್ನೆಗೆ ಓದು ಬೇಕಾಗಿಲ್ಲ. ಇದು ಯಾವುದರದು ಎಂದಳು. ಹೂವಿನ ಲೆಕ್ಕದ್ದು ಎಂದೆ.

‘ಅರವತ್ತು ಅಂತ ಬರ್ದ್‌ಬುಟ್ಟಿದ್ರೆ ಏನಾಯ್ತಿತ್ತಮ್ಮಿ?’

‘ಮಾರ್ಕ್ಸ್ ಬತ್ತಿತ್ತು. ಫಸ್ಟ್ ಬತ್ತಿದ್ದೆ.’

‘ಮತ್ಯಾಕ್ ಬರೀನಿಲ್ಲ?’

‘ಮಾರಿಗೆ ಮೂರೇ ಮೊಳ ಕಣವ್ವ.’

ಬೈಗುಳಕ್ಕೆ ಸಿದ್ಧವಾಗಿಯೇ ನಿಂತಿದ್ದೆ. ಓದಲಿ ಎಂದು ಕಳಿಸಿದರೆ ಹಟ ಮಾಡಿಕೊಂಡು ಅಂಕ ಕಳೆದುಕೊಂಡು ಬಂದಿದ್ದೀಯಾ ಎಂದು ಅವಳು ಕೇಳುತ್ತಾಳೆ ಎಂದುಕೊಂಡಿದ್ದೆ. ಅವ್ವ ಬುಟ್ಟಿಯೊಳಗೆ ಕೈ ಹಾಕಿ ಮಲ್ಲಿಗೆ ತೆಗೆದಳು, ಅವತ್ತಿನ ಮೊದಲ ಮಾರು, ಇನ್ನೂ ಯಾರೂ ಮುಟ್ಟದ್ದು. ಮೊಣಕೈಯಿಂದ ಬೆರಳ ತುದಿಯವರೆಗೆ ಎಳೆದಳು. ನಾಲ್ಕು ಬೆರಳು ಇಟ್ಟಳು. ಕೊಸರು ಬಿಟ್ಟಳು. ಕೊಯ್ದಳು. ಸುತ್ತ ನೋಡಿದೆ, ಬೀದಿಯಲ್ಲಿ ಒಬ್ಬ ಗಿರಾಕಿಯೂ ಇರಲಿಲ್ಲ. ಇನ್ನೂ ಬೋಣಿ ಆಗಿಲ್ಲ ಎಂದು ನಾನೇ ನೆನಪಿಸಿದೆ. ಅವಳು ನನ್ನ ಭುಜ ಹಿಡಿದು ಆಚೆಗೆ ತಿರುಗಿಸಿ, ಜಡೆಗೆ ಹೂ ಮುಡಿಸಿದಳು. ಕುತ್ತಿಗೆಯ ಮೇಲೆ ತಣ್ಣನೆ ನೀರು ಇಳಿಯಿತು. ನನ್ನನ್ನು ಮತ್ತೆ ತನ್ನ ಕಡೆ ತಿರುಗಿಸಿಕೊಂಡು ಅಂಗೈ ಚಾಚಿದಳು.

‘ಈಗ ಬೋಣಿ ಮಾಡು.’

ನನ್ನ ಹತ್ತಿರ ಆ ಪತ್ರಿಕೆ ಬಿಟ್ಟು ಬೇರೇನೂ ಇರಲಿಲ್ಲ. ಕೊಟ್ಟೆ. ಅವ್ವ ಅದನ್ನು ಎರಡು ಮಡಿಕೆ ಮಾಡಿ, ಎಡಗಣ್ಣಿಗೆ ಒಮ್ಮೆ, ಬಲಗಣ್ಣಿಗೆ ಒಮ್ಮೆ ಒತ್ತಿಕೊಂಡು, ಕೂತ ಗೋಣಿಯ ಕೆಳಗೆ ಇಟ್ಟಳು. ಅಷ್ಟರಲ್ಲಿ ಗಂಟೆ ಹೊಡೆಯಿತು.

ಮೊದಲನೆಯ ಪೀರಿಯಡ್ಡಿನಲ್ಲೇ ಮೇಷ್ಟ್ರು ಎಲ್ಲರ ಪತ್ರಿಕೆ ವಾಪಸ್ಸು ಕೇಳಿದರು. ನನ್ನ ಸರದಿ ಬಂದಾಗ ಎದ್ದು ನಿಂತೆ. ತರಗತಿಯೆಲ್ಲ ನನ್ನ ಜಡೆಯನ್ನೇ ನೋಡುತ್ತಿತ್ತು. ಪತ್ರಿಕೆ ಎಲ್ಲಿ ಎಂದರು.

‘ಬೋಣಿಗೆ ಹೋಯ್ತು ಸಾರ್,’ ಎಂದೆ.